ಮಾನಿಂಕಾ: ಊರು ಉಳಿಯಿತು, ಕೌನ್ಸಿಲ್ ಹೋಯಿತು

ಮಾನಿಂಕಾ ಅಂದರೆ ಪೂರ್ವ ಫಿನ್‌ಲ್ಯಾಂಡ್‌ನ ಉತ್ತರ ಸಾವೊ ಪ್ರಾಂತ್ಯದ ಒಂದು ಗ್ರಾಮೀಣ ಪ್ರದೇಶ. ಸರೋವರ, ಹೈನುಗಾರಿಕೆ, 36 ಮೀಟರ್ ಎತ್ತರದ ಕೋರ್ಕೆಆಕೋಸ್ಕಿ ಜಲಪಾತ ಇದರ ಗುರುತು. 2015ರ ಜನವರಿ 1ರವರೆಗೆ ಇದು ಸ್ವತಂತ್ರ ಸ್ಥಳೀಯ ಸಂಸ್ಥೆ. ಆಮೇಲೆ ಕುವೊಪಿಯೊ ನಗರದ ಒಂದು ಭಾಗ.

ಮಾನಿಂಕಾ ಒಂದೇ ಅಲ್ಲ. ಕುವೊಪಿಯೊಗೆ 2005ರಲ್ಲಿ ವೆಹ್ಮೆರ್ಸಾಲ್ಮಿ, 2011ರಲ್ಲಿ ಕಾರ್ಟ್ಟುಲಾ, 2013ರಲ್ಲಿ ನಿಲ್ಸಿಯಾ, 2017ರಲ್ಲಿ ಯುವಾಂಕೋಸ್ಕಿ ಸೇರಿದವು. ದೇಶದಲ್ಲಿ 2008ರಲ್ಲಿ 415 ಸ್ಥಳೀಯ ಸಂಸ್ಥೆಗಳಿದ್ದವು, 2017ರ ಹೊತ್ತಿಗೆ 311 ಉಳಿದವು.

ಕಾರಣ ಸರಳ. ಫಿನ್‌ಲ್ಯಾಂಡ್‌ನಲ್ಲಿ ಶಾಲೆ, ಗ್ರಂಥಾಲಯದ ಜೊತೆ ಆಸ್ಪತ್ರೆ, ವೃದ್ಧರ ಆರೈಕೆಯೂ ಸ್ಥಳೀಯ ಸಂಸ್ಥೆಯ ಹೊಣೆಯಾಗಿತ್ತು. ಅದಕ್ಕಾಗಿ ಅವು ಜನರ ಆದಾಯದ ಮೇಲೆ ತಮ್ಮದೇ ತೆರಿಗೆ ಹಾಕುತ್ತವೆ. ಯುವಕರು ಪಟ್ಟಣ ಸೇರಿ ವಯಸ್ಸಾದವರು ಉಳಿದರೆ ಖರ್ಚು ಏರುತ್ತೆ, ತೆರಿಗೆ ಇಳಿಯುತ್ತೆ. ಪ್ರಾಥಮಿಕ ಆರೋಗ್ಯ ಸೇವೆ ನಡೆಸಲು ಸುಮಾರು 20,000 ಜನರ ನೆಲೆ ಇರಬೇಕು ಅಂತ 2007ರ ಕಾನೂನು ಹೇಳಿತು. ಮಾನಿಂಕಾದಲ್ಲಿ ಇದ್ದವರು ನಾಲ್ಕು ಸಾವಿರಕ್ಕೂ ಕಡಿಮೆ.

ನಾನು ಎಂಜಿನಿಯರಿಂಗ್ ಓದಿದವನು. ಎರಡು ಸರ್ವರ್ ಇರುವ ಕಡೆ ಒಂದು ಸಾಕಾದರೆ ಖರ್ಚು ಉಳಿಯುತ್ತೆ ಅನ್ನೋ ಲೆಕ್ಕ ನನಗೆ ಬೇಗ ಹಿಡಿಸುತ್ತೆ. ಆದರೆ ಈ ಲೆಕ್ಕದಲ್ಲಿ ಒಂದು ಸಾಲು ಬಿಟ್ಟುಹೋಗಿದೆ ಅಂತ ನನಗನ್ನಿಸುತ್ತೆ.

ಕುವೊಪಿಯೊ ನಗರ ಕೌನ್ಸಿಲ್‌ನಲ್ಲಿ 59 ಸೀಟುಗಳಿವೆ. ಜನಸಂಖ್ಯೆಯ ಪ್ರಕಾರ ಹಂಚಿದರೆ ಮಾನಿಂಕಾಕ್ಕೆ ಬರುವುದು ಎರಡರಷ್ಟು. ಅದಕ್ಕೂ ಗ್ಯಾರಂಟಿ ಇಲ್ಲ. ನಮ್ಮಲ್ಲಿರುವಂತೆ ಅಲ್ಲಿ ವಾರ್ಡ್ ಇಲ್ಲ, ಇಡೀ ನಗರವೇ ಒಂದು ಕ್ಷೇತ್ರ. ಊರಿನವರ ಮತ ಹಂಚಿಹೋದರೆ ಒಬ್ಬರೂ ಗೆಲ್ಲದೇ ಇರಬಹುದು. ಹಳ್ಳಿಯ ಶಾಲೆ ಮುಚ್ಚಬೇಕೇ ಅನ್ನೋ ಪ್ರಶ್ನೆ ಬಂದಾಗ, ಕೈ ಎತ್ತುವವರಲ್ಲಿ ಹೆಚ್ಚಿನವರು ಆ ಶಾಲೆಯ ಬಾಗಿಲನ್ನೇ ನೋಡಿರುವುದಿಲ್ಲ.

ಇನ್ನೊಂದು ವಿಪರ್ಯಾಸ ನೋಡಿ. 2023ರ ಜನವರಿಯಲ್ಲಿ ಆರೋಗ್ಯ ಮತ್ತು ಸಾಮಾಜಿಕ ಸೇವೆಗಳನ್ನು ಸ್ಥಳೀಯ ಸಂಸ್ಥೆಗಳಿಂದಲೇ ತೆಗೆದು 21 ಹೊಸ ಪ್ರಾದೇಶಿಕ ಆಡಳಿತಗಳಿಗೆ ಕೊಟ್ಟರು. ಹೆಲ್ಸಿಂಕಿ ಇದಕ್ಕೆ ಹೊರತು. ಅಂದರೆ ಸಣ್ಣ ಊರುಗಳು ಯಾವ ಭಾರ ಹೊರಲಾರವು ಅಂತ ವಿಲೀನಕ್ಕೆ ಒತ್ತಡ ಬಿತ್ತೋ, ಆ ಭಾರ ಮಾನಿಂಕಾ ಸೇರಿದ ಎಂಟೇ ವರ್ಷಕ್ಕೆ ನಗರದ ಹೆಗಲಿನಿಂದಲೂ ಇಳಿಯಿತು. ಪಕ್ಕದ ಸೀಲಿನ್‌ಯಾರ್ವಿ ಇವತ್ತಿಗೂ ಸ್ವತಂತ್ರವಾಗಿದೆ.

ವಿಲೀನವೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಸೇರಿಸುವ ಮೊದಲು ಉಳಿತಾಯದ ಲೆಕ್ಕದ ಜೊತೆ ದನಿಯ ಲೆಕ್ಕವನ್ನೂ ಹಾಕಬೇಕು. ಹೊರೆ ಇಳಿಸಿದವರು ಊರಿನ ಕೌನ್ಸಿಲನ್ನು ವಾಪಸ್ ಕೊಡಲಿಲ್ಲ.