ಕಾರಿನೊಳಗಿನ ದನಿ: ವಾಲ್ವ್ ರೇಡಿಯೋದಿಂದ ಮಾದಪ್ಪನ ಹಾಡಿನವರೆಗೆ

ಮಳವಳ್ಳಿಯಿಂದ ಕೊಳ್ಳೇಗಾಲದ ಕಡೆಗೆ ಹೊರಟ ಬಾಡಿಗೆ ಕಾರು ಮಾದಪ್ಪನ ಬೆಟ್ಟಕ್ಕೆ ಹೋಗುತ್ತಿದೆಯೇ ಎಂದು ಚಾಲಕನನ್ನು ಕೇಳಬೇಕಾಗಿಲ್ಲ. ಒಳಗಿನಿಂದ ಬರುವ ಹಾಡೇ ಅದನ್ನು ಹೇಳುತ್ತದೆ. ತಂಬೂರಿ, ಗಗ್ಗರ, ದಮ್ಮಡಿಗಳ ಜೊತೆಯಲ್ಲಿ ಕಥೆ ಸಾಗುತ್ತಿರುತ್ತದೆ. ಹಿಂದಿನ ಸೀಟಿನಲ್ಲಿ ಕುಳಿತ ಹಿರಿಯರು ಒಂದು ನುಡಿಯನ್ನೂ ಬಿಡದೆ ಕೇಳಬೇಕೆಂದು ಕಿವಿಗೊಡುತ್ತಾರೆ. ಆದರೆ ಗಾಡಿ ವೇಗ ಹಿಡಿಯುತ್ತಲೇ ನುಡಿಗಳು ಎಂಜಿನ್ ಮತ್ತು ರಸ್ತೆಯ ಸದ್ದಿನಲ್ಲಿ ಕರಗಿಹೋಗುತ್ತವೆ. ಚಾಲಕ ದನಿ ಏರಿಸುತ್ತಾನೆ. ಆಗ ಏರುವುದು ಗದ್ದಲವೇ ಹೊರತು ಕಥೆಯಲ್ಲ.

ಇದನ್ನು ಸರಿಪಡಿಸಬೇಕೆಂದು ಹೊರಟವನ ಕೈಯಲ್ಲಿ ಸಾಮಾನ್ಯವಾಗಿ ಇರುವುದು ಅಲ್ಪ ಹಣ. ಅಂಗಡಿಯಲ್ಲಿ ಅವನ ಕಣ್ಣಿಗೆ ಬೀಳುವುದು ನೂರಾರು ವ್ಯಾಟ್ ಎಂದು ದಪ್ಪ ಅಕ್ಷರದಲ್ಲಿ ಬರೆದ ಪೆಟ್ಟಿಗೆಗಳು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ನಮ್ಮ ಹಿರಿಯರ ಮಾತು. ಆದರೆ ಕಾಲನ್ನು ಯಾವ ಕಡೆಗೆ ಚಾಚಬೇಕು? ಕಾರಿನ ದನಿಗೆ ತೊಂಬತ್ತಕ್ಕೂ ಹೆಚ್ಚು ವರ್ಷಗಳ ಚರಿತ್ರೆಯಿದೆ. ಈ ಪ್ರಶ್ನೆಗೆ ಉತ್ತರ ಆ ಚರಿತ್ರೆಯಲ್ಲಿಯೇ ದೊರೆಯುತ್ತದೆ.

ಮೊದಲ ದಿನಗಳು

1930ರಲ್ಲಿ ಅಮೆರಿಕದ ಷಿಕಾಗೋ ನಗರದ ಪಾಲ್ ಗಾಲ್ವಿನ್ ಎಂಬ ಉದ್ಯಮಿ ತನ್ನ ಕಾರಿಗೆ ರೇಡಿಯೋ ಜೋಡಿಸಿಕೊಂಡು ಅಟ್ಲಾಂಟಿಕ್ ಸಿಟಿಯಲ್ಲಿ ನಡೆಯುತ್ತಿದ್ದ ರೇಡಿಯೋ ತಯಾರಕರ ಸಮಾವೇಶಕ್ಕೆ ಹೋದನು. ಒಳಗೆ ಅವನಿಗೆ ಮಳಿಗೆ ಇರಲಿಲ್ಲ. ಹೊರಗೆ ಕಾರು ನಿಲ್ಲಿಸಿ ಬಂದವರಿಗೆಲ್ಲ ಹಾಡು ಕೇಳಿಸಿದನು. ಆ ಸೆಟ್ಟಿಗೆ ಅವನಿಟ್ಟ ಹೆಸರು ‘ಮೊಟೊರೋಲಾ’. ಜೋಡಣೆಯೂ ಸೇರಿ ಅದರ ಬೆಲೆ ಸುಮಾರು 110ರಿಂದ 130 ಡಾಲರ್. ಆಗ ಫೋರ್ಡ್ ಮಾಡೆಲ್ ಎ ಕಾರಿನ ಒಂದು ಒಳ್ಳೆಯ ನಮೂನೆ ಸುಮಾರು 540 ಡಾಲರಿಗೆ ಸಿಗುತ್ತಿತ್ತು. ಅಂದರೆ ಕಾರಿನಲ್ಲಿ ಹಾಡು ಕೇಳಲು ಕಾರಿನ ಬೆಲೆಯ ಐದರಲ್ಲೊಂದು ಪಾಲನ್ನು ತೆರಬೇಕಾಗಿತ್ತು.

ಅಂದಿನ ದೊಡ್ಡ ತೊಡಕು ವಿದ್ಯುತ್ತಿನದು. ವಿದ್ಯುತ್ತಿನ ಮಾತು ಮಳವಳ್ಳಿ ತಾಲ್ಲೂಕಿಗೆ ಹೊಸದಲ್ಲ. ಇಲ್ಲಿಯ ಶಿವನಸಮುದ್ರದಿಂದ 1902ರಲ್ಲಿಯೇ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೂಲಕ ವಿದ್ಯುತ್ತು ಹರಿಯಿತು. 1905ರಲ್ಲಿ ಬೆಂಗಳೂರಿನಲ್ಲಿ ದೀಪಗಳು ಬೆಳಗಿದವು. ಆದರೆ ಚಲಿಸುವ ಕಾರಿಗೆ ಯಾವ ತಂತಿಯೂ ಇಲ್ಲ. ಅದು ತನಗೆ ಬೇಕಾದ ವಿದ್ಯುತ್ತನ್ನು ತಾನೇ ಉತ್ಪಾದಿಸಿಕೊಳ್ಳಬೇಕು. ಅಂದಿನ ಕಾರಿನ ಬ್ಯಾಟರಿ ಹೆಚ್ಚಾಗಿ ಆರು ವೋಲ್ಟಿನದು. ರೇಡಿಯೋದ ವಾಲ್ವುಗಳಿಗೆ ಬೇಕಾದದ್ದು ನೂರಕ್ಕೂ ಹೆಚ್ಚು ವೋಲ್ಟು. ಮೊದಮೊದಲು ಇದಕ್ಕಾಗಿ ಬೇರೆ ಬ್ಯಾಟರಿಗಳನ್ನೇ ಕಾರಿನಲ್ಲಿ ಹೊರಬೇಕಾಗಿತ್ತು. ಕೆಲವು ವರ್ಷಗಳ ಬಳಿಕ ‘ವೈಬ್ರೇಟರ್’ ಎಂಬ ಕಂಪಿಸುವ ಸಾಧನ ಬಂದು ಆ ಹೊರೆ ಇಳಿಯಿತು. 1955ರಲ್ಲಿ ಕ್ರೈಸ್ಲರ್ ಮತ್ತು ಫಿಲ್ಕೋ ಕಂಪನಿಗಳು ಪೂರ್ಣ ಟ್ರಾನ್ಸಿಸ್ಟರಿನ ಕಾರ್ ರೇಡಿಯೋವನ್ನು ಹೊರತಂದ ಮೇಲೆ ಈ ತೊಡಕು ಬಹುಮಟ್ಟಿಗೆ ತೀರಿತು. ದುರ್ಬಲವಾಗಿದ್ದ ಒಂದು ಕೊಂಡಿಯನ್ನು ಗುರುತಿಸಿ ಅದನ್ನಷ್ಟೇ ಬಲಪಡಿಸಿದಾಗ ದನಿ ಸುಧಾರಿಸಿತು, ವೆಚ್ಚವೂ ಇಳಿಯಿತು. ಮುಂದೆಯೂ ಇದೇ ನಡೆದಿದೆ.

ನಮ್ಮ ನಾಡಿನಲ್ಲಿ

1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ‘ಆಕಾಶವಾಣಿ’ಯನ್ನು ಆರಂಭಿಸಿದರು. ಆ ಹೆಸರನ್ನು ಮುಂದೆ ಇಡೀ ದೇಶದ ಬಾನುಲಿ ಸಂಸ್ಥೆ ತನ್ನದಾಗಿಸಿಕೊಂಡಿತು. 1957ರಲ್ಲಿ ವಿವಿಧ ಭಾರತಿ ಬಂದಿತು. ಆದರೂ ಕಾರಿನ ರೇಡಿಯೋ ಬಹುಕಾಲ ಸಿರಿವಂತರ ವಸ್ತುವಾಗಿಯೇ ಉಳಿಯಿತು. ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಲೈಸೆನ್ಸ್ ಪಡೆಯಬೇಕಾಗಿದ್ದ ಪದ್ಧತಿ 1980ರ ದಶಕದಲ್ಲಿ ರದ್ದಾಯಿತು.

ಮಳವಳ್ಳಿಯಂಥ ಊರುಗಳ ವಾಹನಗಳಿಗೆ ದನಿ ಕೊಟ್ಟದ್ದು ಕ್ಯಾಸೆಟ್. 1963ರಲ್ಲಿ ಫಿಲಿಪ್ಸ್ ಕಂಪನಿ ಹೊರತಂದ ಈ ಪುಟ್ಟ ಡಬ್ಬಿಯೊಳಗಿನ ಟೇಪಿನ ಅಗಲ ನಾಲ್ಕು ಮಿಲಿಮೀಟರಿಗೂ ಕಡಿಮೆ. 1978ರಲ್ಲಿ ಬಂದ ನಿಸಾರ್ ಅಹಮದರ ‘ನಿತ್ಯೋತ್ಸವ’ ಕನ್ನಡದ ಮೊದಲ ಭಾವಗೀತೆಗಳ ಕ್ಯಾಸೆಟ್ ಎಂದು ಪ್ರಸಿದ್ಧವಾಗಿದೆ. ಅಲ್ಲಿಂದ ಮುಂದೆ ಸಿನಿಮಾ ಹಾಡುಗಳ ಆಚೆಗಿನ ಲೋಕಕ್ಕೂ ಬಾಗಿಲು ತೆರೆಯಿತು. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರ ಮಂಟೇಸ್ವಾಮಿ ಪರಂಪರೆಯ ಮುಖ್ಯ ಕ್ಷೇತ್ರ. ನೀಲಗಾರರು ರಾತ್ರಿಯಿಡೀ ಹಾಡುತ್ತಿದ್ದ ಕಥೆಗಳು ಕ್ಯಾಸೆಟ್ಟಿನಲ್ಲಿ ಸೇರಿಕೊಂಡವು. ಮಳವಳ್ಳಿ ಮಹದೇವಸ್ವಾಮಿಯವರ ಕಂಠ ಲಾರಿ, ವ್ಯಾನು, ಬಾಡಿಗೆ ಕಾರುಗಳಲ್ಲಿ ಊರೂರಿಗೂ ಸಂಚರಿಸಿತು.

ಈ ಹಾಡುಗಳ ಒಂದು ವಿಶೇಷವನ್ನು ಗಮನಿಸಬೇಕು. ಇವುಗಳಲ್ಲಿ ತಾಳವಿದೆ, ಮೇಳವಿದೆ. ಆದರೆ ಜೀವವಿರುವುದು ಮಾತಿನಲ್ಲಿ. ಮನುಷ್ಯನ ಮಾತಿನ ಸ್ಪಷ್ಟತೆಯನ್ನು ನಿರ್ಧರಿಸುವ ವ್ಯಂಜನಗಳ ಸದ್ದು ಹೆಚ್ಚಾಗಿ ಸೆಕೆಂಡಿಗೆ 1000ದಿಂದ 4000 ಕಂಪನಗಳ ಆಸುಪಾಸಿನಲ್ಲಿರುತ್ತದೆ. ಡಿಕ್ಕಿಯಲ್ಲಿಡುವ ದೊಡ್ಡ ಬಾಸ್ ಪೆಟ್ಟಿಗೆ ಕೆಲಸ ಮಾಡುವುದು ಸುಮಾರು 100 ಕಂಪನಗಳಿಗಿಂತ ಕೆಳಗೆ. ಆದುದರಿಂದ ಕಥೆ ಕೇಳಬೇಕೆನ್ನುವವನು ಮೊದಲು ಬಾಸ್ ಪೆಟ್ಟಿಗೆ ಕೊಂಡರೆ, ಬಾಯಾರಿದವನು ಊಟದ ತಟ್ಟೆ ಕೊಂಡಂತಾಗುತ್ತದೆ.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಮಧ್ಯಮ ವರ್ಗದ ಮನೆಗಳಿಗೂ ಕಾರು ಕಾಲಿಟ್ಟಿತು. 180 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಎತ್ತರದ ಜರ್ಮನ್ ಅಳತೆ ಎಲ್ಲೆಡೆ ಬಳಕೆಗೆ ಬಂದದ್ದರಿಂದ ಒಂದು ಕಂಪನಿಯ ಸೆಟ್ ತೆಗೆದು ಇನ್ನೊಂದನ್ನು ಕೂರಿಸುವುದು ಸುಲಭವಾಯಿತು. 1982ರಲ್ಲಿ ಸಿ.ಡಿ. ಬಂದಿತು. 2001ರಲ್ಲಿ ದೇಶದ ಮೊದಲ ಖಾಸಗಿ ಎಫ್.ಎಂ. ಕೇಂದ್ರ ಬೆಂಗಳೂರಿನಲ್ಲಿ ಶುರುವಾಯಿತು. ಬಳಿಕ ಪೆನ್ ಡ್ರೈವ್, ಬ್ಲೂಟೂತ್ ಬಂದವು. ಟೇಪಿನ ಸೊಯ್ಯೆಂಬ ಸದ್ದು ಹೋಯಿತು. ಈಗ ಸಾಮಾನ್ಯ ಸೆಟ್ ಕೂಡ ಹಾಡನ್ನು ಸಾಕಷ್ಟು ಶುದ್ಧವಾಗಿಯೇ ಓದುತ್ತದೆ. ಹಾಗಾದರೆ ಇಂದಿನ ದುರ್ಬಲ ಕೊಂಡಿ ಯಾವುದು? ಸ್ಪೀಕರ್, ಮತ್ತು ಅದು ಕುಳಿತಿರುವ ಬಾಗಿಲು.

ಹಣವನ್ನು ಎಲ್ಲಿ ಹಾಕಬೇಕು?

ಮೊದಲು ವ್ಯಾಟಿನ ಲೆಕ್ಕ ನೋಡೋಣ. ಎಂಜಿನ್ ಓಡುವಾಗ ಕಾರಿನಲ್ಲಿರುವುದು ಸುಮಾರು 14 ವೋಲ್ಟು. ನಾಲ್ಕು ಓಮಿನ ಸ್ಪೀಕರಿಗೆ ಇದರಿಂದ, ವೋಲ್ಟೇಜ್ ಏರಿಸುವ ಬೇರೆ ಸಾಧನವಿಲ್ಲದೆ, ದನಿ ಒಡೆಯದಂತೆ ಕೊಡಬಹುದಾದದ್ದು ಹೆಚ್ಚೆಂದರೆ ಸುಮಾರು 25 ವ್ಯಾಟ್. ವಾಸ್ತವದಲ್ಲಿ ಇನ್ನೂ ಕಡಿಮೆ. ಸಾಮಾನ್ಯ ಸೆಟ್ಟಿನ ಪೆಟ್ಟಿಗೆಯ ಮೇಲೆ ‘ನಾಲ್ಕು ಬಾರಿ ಐವತ್ತು’ ಎಂದಿದ್ದರೆ ಅದು ಕ್ಷಣಮಾತ್ರದ ಶಿಖರದ ಲೆಕ್ಕ, ನಿರಂತರ ಶಕ್ತಿಯದಲ್ಲ. ಅದಲ್ಲದೆ ಕಿವಿಗೆ ದನಿ ಎರಡರಷ್ಟು ಎನಿಸಬೇಕಾದರೆ ಶಕ್ತಿ ಸುಮಾರು ಹತ್ತು ಪಟ್ಟು ಆಗಬೇಕು.

ಇದಕ್ಕಿಂತ ಅಗ್ಗದ ದಾರಿ ಸ್ಪೀಕರಿನ ಸಂವೇದನೆಯಲ್ಲಿದೆ. ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಬರುತ್ತದೆಂಬುದನ್ನು ಸ್ಪೀಕರಿನ ವಿವರಪತ್ರದಲ್ಲಿ ಕೊಟ್ಟಿರುತ್ತಾರೆ. 87 ಡೆಸಿಬೆಲ್ಲಿನ ಬದಲು 90 ಡೆಸಿಬೆಲ್ಲಿನ ಸ್ಪೀಕರ್ ಆರಿಸಿದರೆ ಆಂಪ್ಲಿಫೈಯರಿನ ಶಕ್ತಿಯನ್ನು ಎರಡರಷ್ಟು ಮಾಡಿದಷ್ಟೇ ಫಲ. ಅಳತೆಯನ್ನೂ ನೋಡಬೇಕು. ಆಳ ಹೆಚ್ಚಾದರೆ ಬಾಗಿಲಿನ ಗಾಜು ಇಳಿಯುವಾಗ ಸ್ಪೀಕರಿನ ಅಯಸ್ಕಾಂತಕ್ಕೆ ತಗಲುತ್ತದೆ.

ಎರಡನೆಯದು ಬಾಗಿಲು. ಸ್ಪೀಕರಿನ ಹಾಳೆ ಮುಂದಕ್ಕೆ ಎಷ್ಟು ಸದ್ದು ಮಾಡುತ್ತದೆಯೋ ಹಿಂದಕ್ಕೂ ಅಷ್ಟೇ ಮಾಡುತ್ತದೆ. ಬಾಗಿಲಿನೊಳಗಿನ ತೂತುಗಳಿಂದ ಹಿಂದಿನ ಸದ್ದು ಮುಂದಕ್ಕೆ ಬಂದು ಬೆರೆತರೆ ಎರಡೂ ಒಂದನ್ನೊಂದು ಕೊಲ್ಲುತ್ತವೆ. ಆ ತೂತುಗಳನ್ನು ಮುಚ್ಚಿ, ತಗಡಿಗೆ ಕಂಪನ ತಡೆಯುವ ಹಾಳೆ ಅಂಟಿಸಿದರೆ ಹಾಡೂ ಗಟ್ಟಿಯಾಗುತ್ತದೆ, ಬಾಗಿಲಿನ ಗಡಗಡ ಸದ್ದೂ ತಗ್ಗುತ್ತದೆ. ಬಾಗಿಲಿನ ತಳದಲ್ಲಿ ಮಳೆನೀರು ಹರಿದುಹೋಗುವ ರಂಧ್ರಗಳನ್ನು ಮಾತ್ರ ಮುಚ್ಚಬಾರದು.

ಮೂರನೆಯದು ತಂತಿ. ಇಲ್ಲಿ ಉಳಿತಾಯ ಮಾಡುವುದು ಅಪಾಯ. 300 ವ್ಯಾಟ್ ಕೊಡುವ ಆಂಪ್ಲಿಫೈಯರ್ ಪೂರ್ಣ ದನಿಯಲ್ಲಿ ಮೂವತ್ತು ಆಂಪಿಯರಿಗೂ ಹೆಚ್ಚು ವಿದ್ಯುತ್ ಎಳೆಯಬಲ್ಲದು. ತೆಳು ತಂತಿ ಹಾಕಿದರೆ ಅದು ಕಾಯುತ್ತದೆ. ಫ್ಯೂಸ್ ಇಲ್ಲದೆ ಎಳೆದ ತಂತಿ ತಗಡಿಗೆ ಉಜ್ಜಿ ಸವೆದರೆ ಕಾರೇ ಹೊತ್ತಿಕೊಳ್ಳಬಹುದು. ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಫ್ಯೂಸ್ ಇರಲೇಬೇಕು. ಕಾರನ್ನೇ ನಂಬಿ ಬಾಡಿಗೆಯಿಂದ ಸಂಸಾರ ನಡೆಸುವವನಿಗೆ ಇದು ಕೇವಲ ಹಾಡಿನ ಮಾತಲ್ಲ, ಅನ್ನದ ಮಾತು.

ಹೀಗಾಗಿ ಕೈಯಲ್ಲಿ ಹತ್ತು ರೂಪಾಯಿ ಇದೆಯೆಂದು ಭಾವಿಸಿದರೆ, ಐದನ್ನು ಮುಂದಿನ ಎರಡು ಸ್ಪೀಕರುಗಳಿಗೆ, ಎರಡನ್ನು ಬಾಗಿಲಿಗೆ, ಎರಡನ್ನು ತಂತಿ, ಫ್ಯೂಸ್ ಮತ್ತು ಕೂಲಿಗೆ ಇಟ್ಟು ಒಂದನ್ನು ಕೈಯಲ್ಲಿ ಉಳಿಸಿಕೊಳ್ಳುವುದು ನನ್ನ ಸಲಹೆ. ಕೆಲಸ ಮಾಡುತ್ತಿರುವ ಹಳೆಯ ಸೆಟ್ ಇದ್ದಂತೆಯೇ ಇರಲಿ. ಆಂಪ್ಲಿಫೈಯರ್ ಬೇಕೇ ಎಂಬುದನ್ನು ಆರು ತಿಂಗಳು ಕೇಳಿದ ಮೇಲೆ ನಿರ್ಧರಿಸಬಹುದು. ಕಿವಿಯ ಮಿತಿಯನ್ನೂ ಮರೆಯಬಾರದು. 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಾಳಬಹುದೆನ್ನುತ್ತಾರೆ. ಅಲ್ಲಿಂದ ಪ್ರತಿ ಮೂರು ಡೆಸಿಬೆಲ್ ಏರಿದಂತೆ ಆ ಅವಧಿ ಅರ್ಧಕ್ಕಿಳಿಯುತ್ತದೆ. ದಿನವಿಡೀ ಸ್ಟಿಯರಿಂಗ್ ಹಿಡಿಯುವವನಿಗೆ ಇದು ನೆನಪಿರಬೇಕು.

ಉಳಿಸಿಕೊಂಡ ಆ ಒಂದು ರೂಪಾಯಿಯ ಬಗ್ಗೆ ಕೊನೆಯ ಮಾತು. ಈ ಸೀಮೆಯ ಅನೇಕ ಮನೆಗಳ ಅಟ್ಟದಲ್ಲಿ ಹಳೆಯ ಕ್ಯಾಸೆಟ್ಟುಗಳಿವೆ. ಅಂಗಡಿಯಲ್ಲಿ ಕೊಂಡ ಹಾಡುಗಳ ಜೊತೆಗೆ, ಊರ ಹಬ್ಬದಲ್ಲಿ ಯಾರೋ ಟೇಪ್ ರೆಕಾರ್ಡರ್ ಹಿಡಿದು ತುಂಬಿಕೊಂಡ ಕಥೆಗಳೂ ಅವುಗಳಲ್ಲಿರಬಹುದು. ಅಂಥ ಕಥೆಗಳನ್ನು ಹಾಡಿದ ಎಷ್ಟೋ ಮಂದಿ ಇಂದು ಇಲ್ಲ. ಟೇಪಿನ ಮೇಲಿನ ಕಾಂತೀಯ ಲೇಪ ತೇವಕ್ಕೆ, ಬೂಷ್ಟಿಗೆ, ಬಿಸಿಲಿಗೆ ವರ್ಷವರ್ಷಕ್ಕೂ ಕೆಡುತ್ತಿದೆ. ಅವನ್ನು ಆದಷ್ಟು ಬೇಗ ಪೆನ್ ಡ್ರೈವಿಗೆ ಇಳಿಸಿಕೊಳ್ಳಿರಿ. ಸ್ಪೀಕರನ್ನು ಮುಂದಿನ ವರ್ಷವೂ ಕೊಳ್ಳಬಹುದು. ಟೇಪಿನಿಂದ ಅಳಿಸಿಹೋದ ದನಿಯನ್ನು ಯಾವ ಬೆಲೆಯ ಸ್ಪೀಕರೂ ಮರಳಿ ಕೊಡಲಾರದು.