ಸತ್ತ ನೀರಿನ ಊರಿಗೆ ಜನ ಬಂದದ್ದು ಹೇಗೆ?

ಯಾವುದೇ ಊರಿನ ಬಗ್ಗೆ ಬರೆಯುವ ಮುಂಚೆ ನಾವು ಎರಡು ಪ್ರಶ್ನೆ ಕೇಳುತ್ತೇವೆ. ಇಲ್ಲಿಯ ನೀರು ಎಂಥದು? ಜನ ಎಲ್ಲಿಂದ ಬಂದವರು? ಫ್ರಾನ್ಸ್ ದೇಶದ ದಕ್ಷಿಣ ಕರಾವಳಿಯಲ್ಲಿ ಎಗ್‌ಮೋರ್ಟ್ ಎಂಬ ಪುಟ್ಟ ಪಟ್ಟಣವಿದೆ. ಈ ಎರಡು ಪ್ರಶ್ನೆಗಳಲ್ಲೇ ಅದರ ಚರಿತ್ರೆ ಅಡಗಿದೆ.

ಊರಿನ ಹೆಸರಿನ ಅರ್ಥ 'ಸತ್ತ ನೀರು', ಅಂದರೆ ಹರಿಯದೆ ನಿಂತ ನೀರು. ರೋನ್ ನದಿ ಮೆಡಿಟರೇನಿಯನ್ ಸಮುದ್ರ ಸೇರುವ ಬಯಲಿನ ಪಶ್ಚಿಮ ಅಂಚಿನಲ್ಲಿ ಊರಿದೆ. ಸುತ್ತ ಜೌಗು, ಹಿನ್ನೀರು, ಉಪ್ಪಿನ ಆಗರ. ಸಮುದ್ರ ಇರುವುದು ಸುಮಾರು 6 ಕಿ.ಮೀ. ದೂರದಲ್ಲಿ. ಹಿಂದೆ ಅಲೆಗಳು ಕೋಟೆಗೇ ಬಡಿಯುತ್ತಿದ್ದವು ಎಂದು ಹೇಳುವವರಿದ್ದಾರೆ. ಅದು ನಿಜವಲ್ಲ. ಹಡಗುಗಳು ಕಾಲುವೆ, ಹಿನ್ನೀರು ದಾಟಿಯೇ ಊರು ಮುಟ್ಟುತ್ತಿದ್ದವು.

ಇಂಥ ಜಾಗಕ್ಕೆ ಯಾರು ಬಂದಾರು? 1240ರ ದಶಕದಲ್ಲಿ ರಾಜ ಒಂಬತ್ತನೇ ಲೂಯಿಗೆ ಈ ತೀರದಲ್ಲಿ ತನ್ನದೇ ಒಂದು ಬಂದರು ಬೇಕಿತ್ತು. ಕ್ರೈಸ್ತ ಮಠವೊಂದರಿಂದ ನೆಲ ಪಡೆದ. 1246ರಲ್ಲಿ ಸನ್ನದು ಹೊರಡಿಸಿ, ಬಂದು ನೆಲೆಸುವವರಿಗೆ ತೆರಿಗೆ ವಿನಾಯಿತಿ ಕೊಟ್ಟ. 1248ರಲ್ಲಿ ಮತ್ತು 1270ರಲ್ಲಿ ಧರ್ಮಯುದ್ಧಕ್ಕೆ ಇಲ್ಲಿಂದಲೇ ಹಡಗು ಹತ್ತಿದ. ಎರಡನೇ ಸಲ ವಾಪಸು ಬರಲಿಲ್ಲ, ಟ್ಯುನಿಸ್ ಬಳಿ ತೀರಿಕೊಂಡ. ಅವನ ಮಗ ಕಟ್ಟಿಸಲು ಶುರುಮಾಡಿದ ಕೋಟೆ ಗೋಡೆ ಇಂದಿಗೂ ಗಟ್ಟಿಯಾಗಿದೆ. ಸುತ್ತಳತೆ ಸುಮಾರು 1.6 ಕಿ.ಮೀ.

1481ರಲ್ಲಿ ಮಾರ್ಸೇಲ್ ಎಂಬ ದೊಡ್ಡ ಬಂದರು ಫ್ರಾನ್ಸಿನ ರಾಜರ ಕೈಗೆ ಬಂತು. ಇಲ್ಲಿಯ ಕಾಲುವೆಗಳಲ್ಲಿ ಹೂಳು ತುಂಬುತ್ತಲೇ ಇತ್ತು. ವ್ಯಾಪಾರ ಮಾರ್ಸೇಲಿನ ಕಡೆ ಸರಿಯಿತು. ಊರಿಗೆ ಆಸರೆಯಾಗಿ ಉಳಿದದ್ದು ಉಪ್ಪು.

ಸಮುದ್ರದ ನೀರನ್ನು ಮಡಿಯಿಂದ ಮಡಿಗೆ ಹಾಯಿಸಿ ಬಿಸಿಲು, ಗಾಳಿಗೆ ಒಣಗಿಸುತ್ತಾರೆ. ಬೇಸಿಗೆಯ ಕೊನೆಗೆ ಉಪ್ಪಿನ ಸುಗ್ಗಿ. ಮಳೆ ಬೀಳುವ ಮೊದಲು ಬಾಚಿ ಮುಗಿಸಬೇಕು. ಅಷ್ಟು ಆಳು ಊರಲ್ಲಿ ಸಿಗುತ್ತಿರಲಿಲ್ಲ. ಹಾಗಾಗಿ ಬೇರೆ ಕಡೆಯ ಫ್ರೆಂಚ್ ಕೂಲಿಗಳೂ ಇಟಲಿಯ ಕೂಲಿಗಳೂ ಗುಂಪು ಗುಂಪಾಗಿ ಬರುತ್ತಿದ್ದರು.

1893ರ ಆಗಸ್ಟ್‌ನಲ್ಲಿ ಕೆಲಸ ಕಡಿಮೆ, ಕೇಳಿಕೊಂಡು ಬಂದವರು ಹೆಚ್ಚು. ಕೂಲಿ ಗುತ್ತಿಗೆ ಲೆಕ್ಕದ್ದು, ಎಷ್ಟು ಹೊತ್ತರೆ ಅಷ್ಟು ಹಣ. ಒಂದೇ ತಂಡದಲ್ಲಿ ಫ್ರೆಂಚರು, ಇಟಲಿಯವರು ಬೆರೆತಿದ್ದರು. ನೀನು ನಿಧಾನ, ನಾನು ಜೋರು ಎಂಬ ಜಗಳ 16ನೇ ತಾರೀಕು ಹೊಡೆದಾಟವಾಯಿತು. ಇಟಲಿಯವರು ನಮ್ಮೂರಿನವರನ್ನು ಕೊಂದರಂತೆ ಎಂಬ ಸುದ್ದಿ ಊರೆಲ್ಲ ಹಬ್ಬಿತು. ಸುದ್ದಿ ಸುಳ್ಳು. ಆದರೆ ದೊಣ್ಣೆ ಹಿಡಿದವರು ವಿಚಾರಿಸಲಿಲ್ಲ. ಕೆಲವು ಇಟಲಿಯವರು ಬ್ರೆಡ್ ಅಂಗಡಿಯೊಂದರಲ್ಲಿ ಅಡಗಿ ಜೀವ ಉಳಿಸಿಕೊಂಡರು. ಮರುದಿನ ಪೊಲೀಸರ ಕಾವಲಿನಲ್ಲಿ ಬರುತ್ತಿದ್ದವರ ಮೇಲೂ ಜನ ಬಿದ್ದರು. ಸೈನ್ಯ ಬಂದದ್ದು ಎಲ್ಲ ಮುಗಿದ ಮೇಲೆ.

ಸರ್ಕಾರಿ ಲೆಕ್ಕದಲ್ಲಿ ಸತ್ತವರು 8 ಮಂದಿ. ನಿಜ ಸಂಖ್ಯೆ ಅದಕ್ಕಿಂತ ಹೆಚ್ಚು ಎಂಬ ಮಾತು ಇಂದಿಗೂ ಇದೆ. ಇಟಲಿಯ ನಗರಗಳಲ್ಲಿ ಜನ ಬೀದಿಗಿಳಿದರು. ಮೇಯರ್ ರಾಜೀನಾಮೆ ಕೊಡಬೇಕಾಯಿತು. ವರ್ಷದ ಕೊನೆಗೆ ಆಂಗುಲೇಮ್ ನಗರದ ನ್ಯಾಯಾಲಯದಲ್ಲಿ ಆರೋಪಿಗಳೆಲ್ಲ ಖುಲಾಸೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುತ್ತೇವೆ. ಅಲ್ಲಿ ಯಾರೂ ಕುಡಿಯಲಿಲ್ಲ.

ಇಂದು ಎಗ್‌ಮೋರ್ಟ್‌ನ ಜನಸಂಖ್ಯೆ ಸುಮಾರು 8,500. ಸಮುದ್ರದಂಚಿನ ಮೀನುಗಾರರ ಹಳ್ಳಿ 1879ರಲ್ಲೇ ಬೇರೆ ಪಂಚಾಯಿತಿಯಾಗಿ ಒಡೆದುಹೋಗಿದೆ. ಕೋಟೆ ನೋಡಲು, ಪಾಚಿಯಿಂದ ಗುಲಾಬಿ ಬಣ್ಣಕ್ಕೆ ತಿರುಗುವ ಉಪ್ಪಿನ ಮಡಿ ನೋಡಲು ಪ್ರವಾಸಿಗರು ಬರುತ್ತಾರೆ.

ಜನಗಣತಿ ಎಣಿಸುವುದು ಊರಲ್ಲಿ ಮನೆ ಇರುವವರನ್ನು. ಸುಗ್ಗಿಗೆ ಬಂದು ಬೆವರು ಸುರಿಸಿ ಹೋದವರು ಆ ಲೆಕ್ಕಕ್ಕೆ ಸಿಗುವುದಿಲ್ಲ. ಈ ಊರಿಗೆ ಮೊದಲು ಬಂದವರನ್ನೂ ರಾಜ ತೆರಿಗೆ ಬಿಟ್ಟು ಕರೆಸಿದ್ದ. ಅಲ್ಲಿ ಮೂಲನಿವಾಸಿ ಯಾರು, ವಲಸಿಗ ಯಾರು? ಆರು ನೂರೈವತ್ತು ವರ್ಷ ಹಿಂದೆ ಬಂದವರ ಮಕ್ಕಳು, ಆ ತಿಂಗಳು ಬಂದವರನ್ನು ಹೊರಗಿನವರು ಎಂದು ಹೊಡೆದರು, ಅಷ್ಟೇ.