ಮದ್ದುಗುಂಡಿನ ಮನೆಯಿಂದ ಬಂದ ಮಾತ್ರೆ

ಮೊದಲನೆಯ ಮಹಾಯುದ್ಧದ ಕಾಲ. ಫ್ರಾನ್ಸಿನ ಮದ್ದುಗುಂಡಿನ ಕಾರ್ಖಾನೆಗಳಲ್ಲಿ ಸ್ಫೋಟಕ ತಯಾರಿಸಲು ಹಳದಿ ಬಣ್ಣದ ಒಂದು ರಾಸಾಯನಿಕವನ್ನು ಬಳಸುತ್ತಿದ್ದರು. ಅದರ ಹೆಸರು ಡೈನೈಟ್ರೋಫೀನಾಲ್, ಚಿಕ್ಕದಾಗಿ ಡಿಎನ್‌ಪಿ. ಅದರ ಧೂಳಿನ ನಡುವೆ ದುಡಿದ ಕಾರ್ಮಿಕರು ವಿಪರೀತ ಬೆವರತೊಡಗಿದರು. ಮೈ ಕಾವೇರುತ್ತಿತ್ತು, ತೂಕ ಇಳಿಯುತ್ತಿತ್ತು. ಕೆಲವರು ಸತ್ತೂ ಹೋದರು.

ಇದೇ ರಾಸಾಯನಿಕ ಎರಡು ದಶಕಗಳೊಳಗೆ ಬೊಜ್ಜು ಕರಗಿಸುವ ಔಷಧವಾಗಿ ಅಮೆರಿಕದ ಅಂಗಡಿಗಳನ್ನು ಸೇರಿತು. 1933ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮಾರಿಸ್ ಟೈಂಟರ್ ಮತ್ತು ವಿಂಡ್ಸರ್ ಕಟಿಂಗ್ ಇದು ತೂಕ ಇಳಿಸುತ್ತದೆಂದು ವರದಿ ಮಾಡಿದರು. ಮರು ವರ್ಷದ ಹೊತ್ತಿಗೆ ಕನಿಷ್ಠ ಒಂದು ಲಕ್ಷ ಅಮೆರಿಕನ್ನರು ಅದನ್ನು ಸೇವಿಸಿದ್ದರೆಂದು ಟೈಂಟರ್ ಅವರೇ ಅಂದಾಜು ಮಾಡಿದ್ದರು. ಕೊಳ್ಳಲು ವೈದ್ಯರ ಚೀಟಿಯೂ ಬೇಕಿರಲಿಲ್ಲ. ಅಲ್ಲಿನ 1906ರ ಔಷಧ ಕಾನೂನಿನ ದೃಷ್ಟಿಯಲ್ಲಿ ಬೊಜ್ಜು ಒಂದು ರೋಗವೇ ಆಗಿರಲಿಲ್ಲ. ಹೀಗಾಗಿ ಸರ್ಕಾರದ ಕೈ ಕಟ್ಟಿತ್ತು.

ಡಿಎನ್‌ಪಿ ಮಾಡುವುದೇನು? ನಾವು ತಿಂದ ಆಹಾರ ಜೀವಕೋಶಗಳಲ್ಲಿ ಉರಿದು ದೇಹಕ್ಕೆ ಬಳಸಲು ಬರುವ ಶಕ್ತಿಯಾಗುತ್ತದೆ. ಡಿಎನ್‌ಪಿ ಈ ಕೊಂಡಿಯನ್ನೇ ಕಳಚುತ್ತದೆ. ಒಲೆ ಧಗಧಗ ಉರಿಯುತ್ತದೆ, ಅನ್ನ ಮಾತ್ರ ಬೇಯುವುದಿಲ್ಲ; ಕಾವೆಲ್ಲ ಮನೆ ತುಂಬುತ್ತದೆ. ಸೌದೆಯಂತೆ ಕೊಬ್ಬು ಖರ್ಚಾಗುವುದೇನೋ ನಿಜ. ಆದರೆ ತೂಕ ಇಳಿಸುವ ಪ್ರಮಾಣಕ್ಕೂ ಕೊಲ್ಲುವ ಪ್ರಮಾಣಕ್ಕೂ ಅಂತರ ತೀರ ಕಡಿಮೆ.

1935ರ ಸುಮಾರಿಗೆ ಮಾತ್ರೆ ನುಂಗಿದ ಯುವತಿಯರ ಕಣ್ಣಿಗೆ ಪೊರೆ ಬರತೊಡಗಿತು. ಸಾವುಗಳೂ ವರದಿಯಾದವು. 1938ರಲ್ಲಿ ಹೊಸ ಕಾನೂನು ಬಂದ ಮೇಲೆ ಡಿಎನ್‌ಪಿ ಮನುಷ್ಯರ ಸೇವನೆಗೆ ಯೋಗ್ಯವಲ್ಲವೆಂದು ಘೋಷಿಸಲಾಯಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಬೇಗ ತೆಳ್ಳಗಾಗಬೇಕೆಂಬವರಿಗೆ, ದೇಹದಾರ್ಢ್ಯ ಪಟುಗಳಿಗೆ ಅದು ಇಂಟರ್‌ನೆಟ್ ಮೂಲಕ ಮತ್ತೆ ತಲುಪಿತು. ಯುವಕ, ಯುವತಿಯರ ಸಾವುಗಳ ನಂತರ ಬ್ರಿಟನ್ 2023ರಲ್ಲಿ ಅದನ್ನು ನಿಯಂತ್ರಿತ ವಿಷಗಳ ಪಟ್ಟಿಗೆ ಸೇರಿಸಿತು.

ಇಂಥ ಮಾತ್ರೆ ನುಂಗಿದವರು ಆಸ್ಪತ್ರೆಗೆ ಬಂದಾಗ ಅದನ್ನು ಮುಚ್ಚಿಟ್ಟರೆ ಏನಾಗುತ್ತದೆ? ಜ್ವರ, ಬೆವರು, ಏದುಸಿರು ಕಂಡ ವೈದ್ಯರು ಸೋಂಕೆಂದು ಭಾವಿಸಬಹುದು. ಡಿಎನ್‌ಪಿಗೆ ಪ್ರತಿವಿಷವಿಲ್ಲ. ಮೈಯನ್ನು ಬೇಗನೆ ತಣಿಸುವುದೇ ಮುಖ್ಯ ಚಿಕಿತ್ಸೆ. ಜ್ವರವೆಂದು ಆಸ್ಪಿರಿನ್ ಕೊಟ್ಟರೆ ಸ್ಥಿತಿ ಇನ್ನಷ್ಟು ಬಿಗಡಾಯಿಸಬಹುದು. ನಾಚಿಕೆಯಿಂದ ಕಳೆದ ಒಂದು ಗಂಟೆ ಪ್ರಾಣದ ಬೆಲೆಯದಾಗಬಹುದು.

ಡಿಎನ್‌ಪಿ ಒಂದೇ ಅಲ್ಲ. ಹೃದಯದ ಕವಾಟಗಳಿಗೆ ಹಾನಿ ಮಾಡಿದ ಫೆನ್‌ಫ್ಲುರಮೈನನ್ನು 1997ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹಿಂತೆಗೆಯಲಾಯಿತು. ಹೃದಯಾಘಾತದ ಅಪಾಯ ಹೆಚ್ಚಿಸುತ್ತಿದ್ದ ಸಿಬುಟ್ರಮಿನ್ 2010ರಲ್ಲಿ ಅಲ್ಲಿ, 2011ರಲ್ಲಿ ಭಾರತದಲ್ಲಿ ನಿಂತಿತು. ಆದರೆ ‘ಶುದ್ಧ ಗಿಡಮೂಲಿಕೆ’ ಎಂಬ ಹಣೆಪಟ್ಟಿಯ ಎಷ್ಟೋ ಸರಕುಗಳಲ್ಲಿ ಆಮೇಲೂ ಸಿಬುಟ್ರಮಿನ್ ಪತ್ತೆಯಾಗಿದೆ. ಆದ್ದರಿಂದ ವೈದ್ಯರಿಗೆ ಹೆಸರು ಹೇಳಿದರೆ ಸಾಲದು, ಡಬ್ಬಿಯನ್ನೂ ತೋರಿಸಬೇಕು.

ಈಗ ವೈದ್ಯರೇ ಬರೆದುಕೊಡುವ ಸೆಮಾಗ್ಲುಟೈಡ್‌ನಂಥ ಚುಚ್ಚುಮದ್ದುಗಳ ವಿಷಯದಲ್ಲೂ ಈ ಮಾತು ಸಲ್ಲುತ್ತದೆ. ಇವು ಹೊಟ್ಟೆ ಖಾಲಿಯಾಗುವುದನ್ನು ನಿಧಾನಗೊಳಿಸುತ್ತವೆ. ಶಸ್ತ್ರಚಿಕಿತ್ಸೆಗೆ ಮುನ್ನ ಉಪವಾಸವಿದ್ದರೂ ಹೊಟ್ಟೆಯಲ್ಲಿ ಆಹಾರ ಉಳಿದಿರಬಹುದು. ಅರಿವಳಿಕೆಯ ವೇಳೆ ಅದು ಶ್ವಾಸಕೋಶಕ್ಕೆ ನುಗ್ಗುವ ಅಪಾಯವಿದೆ. ಅರಿವಳಿಕೆ ತಜ್ಞರಿಗೆ ಮೊದಲೇ ತಿಳಿದಿದ್ದರೆ ಎಚ್ಚರ ವಹಿಸುತ್ತಾರೆ.

ವೈದ್ಯರ ಮುಂದೆ, ವಕೀಲರ ಮುಂದೆ ಸುಳ್ಳು ಹೇಳಬಾರದೆಂಬುದು ಹಿರಿಯರ ಮಾತು. ವಕೀಲರಲ್ಲಿ ಮುಚ್ಚಿಟ್ಟರೆ ಮೊಕದ್ದಮೆ ಸೋಲಬಹುದು, ಮೇಲ್ಮನವಿಗೆ ಅವಕಾಶವಿದೆ. ವೈದ್ಯರಲ್ಲಿ ಮುಚ್ಚಿಟ್ಟವರಿಗೆ ಆ ಅವಕಾಶ ಸಿಗುವುದೆಂಬ ಭರವಸೆಯಿಲ್ಲ.